ಅರವತ್ತೊಂದು, ಅರವತ್ತೊಂದು, ಅರವತ್ತು

೧

ಹುಡುಗಿಯಿಂದ ಶುರು ಮಾಡಲೋ, ಸಂಶಯದಿಂದ ಶುರು ಮಾಡಲೋ? ಹುಡುಗಿಯಿಂದ ಶುರು ಮಾಡಿದರೆ ನೀವು ಮೊದಲೇ ಅವಳ ಕಡೆ ವಾಲಿಬಿಡುತ್ತೀರಿ. ಓದುಗರ ಕರುಳು ಎಷ್ಟು ಮೆತ್ತಗೆಂದು ನನಗೆ ಗೊತ್ತಿದೆ. ಸಂಶಯದಿಂದ ಶುರು ಮಾಡಿದರೆ ಅವಳು ಕಥೆಯೊಳಗೆ ಕಾಲಿಡುವ ಮೊದಲೇ ಕಳ್ಳಿಯಾಗಿಬಿಡುತ್ತಾಳೆ. (ಕಥೆಗೇನೋ ಒಳ್ಳೆಯದೇ. ಕಳ್ಳರಿಲ್ಲದ ಕಥೆಯನ್ನು ಯಾರು ಓದುತ್ತಾರೆ?) ಸರಿ, ಸಂಶಯದಿಂದಲೇ ಹೊರಡೋಣ. ಅದು ಧರೆಪ್ಪ ಸರ್ ಅವರದು.

ಅಥಣಿ ಬಸ್‌ಸ್ಟ್ಯಾಂಡಿನ ಹಿಂದೆ ಧರೆಪ್ಪ ಸರ್ ಅವರ ಟೈಪಿಂಗ್ ಕ್ಲಾಸ್ ಇದೆ. ಇಪ್ಪತ್ತು ವರ್ಷ ಟೈಪ್‌ರೈಟರ್ ಕಲಿಸಿದರು. ಈಗ ಅದೇ ಬೆಂಚುಗಳ ಮೇಲೆ ಕಂಪ್ಯೂಟರ್ ಇಟ್ಟು ಕೋಡ್ ಟೈಪಿಂಗ್ ಕಲಿಸುತ್ತಾರೆ. ಪೈಥಾನ್, ಜಾವಾ, ಸಿ, ಈ ಮೂರು ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ನಿಮಿಷಕ್ಕೆ ಐವತ್ತು ಪದ ಹೊಡೆದವರಿಗೆ ಅವರ ಸಹಿಯ ಸರ್ಟಿಫಿಕೇಟ್. ಪೈಥಾನಿನಲ್ಲಿ ಎಲ್ಲರೂ ಓಡುತ್ತಾರೆ. ಜಾವಾ, ಸಿ ಬಂದವೆಂದರೆ ಬ್ರಾಕೆಟ್ಟು, ಸೆಮಿಕೋಲನ್ನು, ಕೋಟ್ ಚಿಹ್ನೆಗಳ ಮುಳ್ಳುಬೇಲಿ. ಬಲಗೈ ಕಿರುಬೆರಳು ಮೂಲೆಯ ಕೀಗಳನ್ನು ತಡಕುತ್ತ ನಿಲ್ಲುತ್ತದೆ, ಅರವತ್ತರಲ್ಲಿದ್ದವರು ನಲವತ್ತೈದಕ್ಕೆ ಇಳಿಯುತ್ತಾರೆ. ಅದು ಅಲ್ಲಿಯ ಲೋಕರೂಢಿ.

ಈ ಶನಿವಾರ ಮಧ್ಯಾಹ್ನ ಮೂರೂವರೆಗೆ ಉಗಾರ ಬುದ್ರುಕದ ನೀಲಮಳ ಫಲಿತಾಂಶ ಪರದೆಯ ಮೇಲೆ ಬಂತು. ಪೈಥಾನ್ ಅರವತ್ತೊಂದು, ಜಾವಾ ಅರವತ್ತೊಂದು, ಸಿ ಅರವತ್ತು.

ಧರೆಪ್ಪ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಂಕಿ ಹಾಗೇ ಇತ್ತು.

"ಇದ್ಹೆಂಗವಾ ಇದು?"

"ಯಾವ್ದ್ರಿ ಸರ್?"

"ಮೂರಕ್ಕೂ ಒಂದ ಸ್ಪೀಡ್ ಹೆಂಗ ಬರತೈತಿ?"

ನೀಲಮ ಗಡಿಯಾರ ನೋಡಿದಳು. ನಿಪ್ಪಾಣಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಸಹಾಯಕಿ ಬೇಕಾಗಿದ್ದಳು. ಸರ್ ಸಹಿ ಮಾಡಿದ ಫಾರ್ಮನ್ನು ಇವತ್ತು ಐದು ಗಂಟೆಯೊಳಗೆ ಅಪ್‌ಲೋಡ್ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವಳ ಅವ್ವ ಅಕ್ಕುತಾಯಿ ಬೇರೆಯವರ ಹೊಲದಲ್ಲಿ ಕಳೆ ಕೀಳುತ್ತಲೇ ಅವಳನ್ನು ಓದಿಸಿದ್ದಳು. (ನೋಡಿ, ಕರುಳಿಗೆ ಕೈ ಹಾಕುವುದಿಲ್ಲ ಎಂದುಕೊಂಡೇ ಹಾಕಿದೆ.)

೨

ಮೊದಲ ಕರಡು. ನೀಲಮ ಪೆನ್‌ಡ್ರೈವಿನಲ್ಲಿ ಕೋಡ್ ತಂದು ಅಂಟಿಸಿದ್ದಾಳೆ. ಚೆನ್ನಾಗಿದೆ. ಆದರೆ ಧರೆಪ್ಪ ಸರ್ ಅವರ ಸಾಫ್ಟ್‌ವೇರು ಒತ್ತಿದ ಒಂದೊಂದು ಕೀಯನ್ನೂ ದಾಖಲಿಸುತ್ತದೆ. ಅವರು ಕೂತು ಎಲ್ಲವನ್ನೂ ನೋಡಿದರು. ಎಲ್ಲ ಕೀಗಳೂ ಒಂದೊಂದಾಗಿ ಒತ್ತಿದವೇ ಆಗಿದ್ದವು. ಕರಡು ಬಿತ್ತು.

ಎರಡನೆಯ ಕರಡು. ಎಲ್ಲೋ ಕುಳಿತ ಗೆಳೆಯನೊಬ್ಬ ಇಂಟರ್‌ನೆಟ್ಟಿನ ಮೂಲಕ ಅವಳ ಪರವಾಗಿ ಹೊಡೆದಿದ್ದಾನೆ. ಸರ್ ಎದ್ದು ಹೋಗಿ ನೆಟ್ಟಿನ ವೈರು ಕಿತ್ತರು, ಕೀಬೋರ್ಡನ್ನೂ ಬದಲಿಸಿದರು. "ಇನ್ನೊಮ್ಮೆ ಹೊಡಿ ನೋಡೂಣು," ಎಂದರು. ಅರವತ್ತೆರಡು, ಅರವತ್ತು, ಅರವತ್ತು.

ಮೂರನೆಯ ಕರಡು ನನ್ನ ಮುದ್ದಿನದು. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿತ್ತು, ಬಾಯಿಪಾಠ ಮಾಡಿಕೊಂಡು ಬಂದಿದ್ದಾಳೆ. ಸರ್ ಕಪಾಟಿನಿಂದ ಹಳೆಯ ಪುಸ್ತಕ ತೆಗೆದು, ಕಣ್ಣು ಮುಚ್ಚಿ ಪುಟ ಬಿಡಿಸಿ ಎದುರಿಗಿಟ್ಟರು. ತಾವು ಅವಳ ಬೆನ್ನ ಹಿಂದೆ ನಿಂತರು. ಅರವತ್ತು, ಅರವತ್ತೊಂದು, ಅರವತ್ತು.

ಸಂಶಯ ಕರಗಬೇಕಿತ್ತು. ಕರಗಲಿಲ್ಲ. ಯಾವ ಸಂದಿಯಲ್ಲೂ ಕಳ್ಳತನ ಸಿಗದೇ ಹೋದರೆ ಕಳ್ಳ ಬಲು ಜಾಣ ಎಂದೇ ಅರ್ಥ ಎಂದು ಧರೆಪ್ಪ ಸರ್‌ಗೆ ಅನ್ನಿಸತೊಡಗಿತು. ಅವರು ಕೆಟ್ಟವರಲ್ಲ. ನಾಳೆ ಕಾಲೇಜಿನವರು ಫೋನ್ ಮಾಡಿ "ಎಂಥಾಕಿನ್ನ ಕಳಸೀರಿ?" ಎಂದರೆ ಇಪ್ಪತ್ತು ವರ್ಷದ ಸಹಿ ಮಣ್ಣುಪಾಲು ಎಂಬ ದಿಗಿಲು ಅವರಿಗೆ.

ನೀಲಮ ಸರ್ ಕಡೆಯಿಂದ ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದಳು. "ಕಥಿ ಬರಿಯೋರ, ಮೂರೂ ಕರಡಿನ್ಯಾಗ ನಾನ ಯಾಕ್ರಿ ಕಳ್ಳಿ?"

"ಸಂಶಯವಿಲ್ಲದೆ ಕಥೆ ನಡೆಯೋದಿಲ್ಲಮ್ಮ."

"ಹಂಗಾರ ಸರ್ ಮ್ಯಾಲ ಪಡ್ರಿ. ಇಲ್ಲಾ ನಿಮ್ಮ ಮ್ಯಾಲ ಪಡ್ಕೋರಿ."

(ಈ ಮಾತನ್ನು ಅಳಿಸಬೇಕೆಂದಿದ್ದೆ. ಬಿಟ್ಟಿದ್ದೇನೆ.)

೪

(ಮೂರು ಇತ್ತು. ಅದರಲ್ಲಿ ಧರೆಪ್ಪ ಸರ್ ಗಳಗಳ ಅತ್ತು ಸಹಿ ಮಾಡಿಬಿಟ್ಟರು. ಟೀವಿ ಧಾರಾವಾಹಿಯಾಯಿತೆಂದು ಕಿತ್ತುಹಾಕಿದೆ.)

"ಹೋಗ್ಲಿ, ಹೆಂಗ ಕಲ್ತಿ ಅಷ್ಟರ ಹೇಳು," ಎಂದರು ಸರ್.

"ಕಾಗವಾಡದಾಗ ಝೆರಾಕ್ಸ್ ಅಂಗಡಿಯೊಳಗ ಐದ ವರ್ಷ ಅರ್ಜಿ ಟೈಪ್ ಮಾಡೀನ್ರಿ. ಮುಂಜಾನೆ ಕನ್ನಡ, ಮಧ್ಯಾಹ್ನದ ಮ್ಯಾಲ ಮರಾಠಿ. ಇನ್‌ಸ್ಕ್ರಿಪ್ಟ್ ರೀ, ಇಂಗ್ಲಿಷ್ ಕೀಗಳ ಮ್ಯಾಲ ನಮ್ಮ ಅಕ್ಷರ ಕೂಡಸೋ ಪದ್ಧತಿ. ಅದರಾಗ ಎರಡೂ ಭಾಷಾದ ಅಕ್ಷರ ಒಂದ ಜಾಗಾದಾಗ ಇರತಾವು."

"ಅದಕ್ಕೂ ಸಿ ಕೋಡಿಗೂ ಏನ ಸಂಬಂಧವಾ?"

"ಸೆಮಿಕೋಲನ್ ಕೀ ನನಗ ಚ ರೀ ಸರ್. ಚೌಕ ಬ್ರಾಕೆಟ್ಟಂದ್ರ ಡ, ಶಿಫ್ಟ್ ಹಿಡದ್ರ ಢ. ಕೋಟ್ ಅಂದ್ರ ಟ. ಓರೆ ಗೀಟು ಯ. ಚಿಕ್ಕೋಡಿ ಅಂತ ಹೊಡದ್ರ ಸೆಮಿಕೋಲನ್ನೂ ಬರತೈತಿ, ಬ್ರಾಕೆಟ್ಟೂ ಬರತೈತಿ. ರಾಯಬಾಗದಾಗ ಓರೆ ಗೀಟು. ದಿನಾ ನೂರ ಸಲ ಹೊಡದೀನ್ರಿ. ಮಂದಿಗೆ ಅವು ಮೂಲ್ಯಾನ ಕೀ, ನನಗ ನಮ್ಮೂರ ಹೆಸರು."

(ನಾನು ನನ್ನ ಕಂಪ್ಯೂಟರಿನಲ್ಲಿ ಹೊಡೆದು ನೋಡಿದೆ. ಚಿಕ್ಕೋಡಿ ಹಾಗೇ ಬಂತು. ಅಂದರೆ ನಾನೂ ಅವಳ ಮಾತನ್ನು ನಂಬದೆ ಪರೀಕ್ಷಿಸಿದೆ, ನಾನೇ ಹುಟ್ಟಿಸಿದ ಪಾತ್ರವನ್ನು! ನನಗೆ ನಾಚಿಕೆಯಾಯಿತು.)

ಧರೆಪ್ಪ ಸರ್ ಟೈಪ್‌ರೈಟರಿನ ಕಾಲದವರು, ಈ ಇನ್‌ಸ್ಕ್ರಿಪ್ಟನ್ನು ಎಂದೂ ಮುಟ್ಟಿರಲಿಲ್ಲ. "ಛಲೋ ಹೇಳಿದಿ. ಭಾಳ ಛಲೋ ಹೇಳಿದಿ," ಎಂದು ಗಲ್ಲ ಕೆರೆದುಕೊಂಡರು. ಅಷ್ಟು ಚೊಕ್ಕ ಉತ್ತರ ಮೊದಲೇ ತಯಾರಿತ್ತೆಂದರೆ ಏನರ್ಥ ಎಂದು ಒಳಗೊಳಗೇ ಲೆಕ್ಕ ಹಾಕಿದರು. "ಆದ್ರೂ ಇನ್ನೊಂದ ಸಲ, ನನ್ನ ಸಮಾಧಾನಕ್ಕ..."

"ನಾ ಹೊಡಿಯಂಗಿಲ್ರಿ ಸರ್."

"ಯಾಕ?"

ನೀಲಮ ಗೋಡೆಯ ಮೇಲಿನ ಫೋಟೋ ತೋರಿಸಿದಳು. ಅದರಲ್ಲಿ ಐನಾಪುರದ ದಾನೇಶ್ವರಿ ಸರ್ಟಿಫಿಕೇಟ್ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಹಲ್ಲು ಬಿಟ್ಟುಕೊಂಡು ಧರೆಪ್ಪ ಸರ್. ದಾನೇಶ್ವರಿಯದು ದ್ರಾಕ್ಷಿ ತೋಟದ ಮನೆತನ. ಕೆಳಗೆ ಬರೆದಿತ್ತು: ಅರವತ್ಮೂರು, ಅರವತ್ತೆರಡು, ಅರವತ್ತೆರಡು.

"ಆಕಿಗೆ ಎಷ್ಟ ಸಲ ಹೊಡಿಸಿದ್ರಿ?"

ಒಂದೇ ಸಲ. ಸಹಿ ಮಾಡಿ, ಪೇಡೆ ಹಂಚಿ, ಹುಟ್ಟು ಪ್ರತಿಭೆ ಎಂದು ಹೊಗಳಿದ್ದರು.

ಈಗ ನಾನು ಒಂದು ತಪ್ಪೊಪ್ಪಿಕೊಳ್ಳಬೇಕು. ಈ ಕಡೆ ಹೆಸರು ಕೇಳಿದ ಮೇಲೆ ಅಡ್ಡಹೆಸರು ಕೇಳುತ್ತಾರೆ, ಜಾತಿ ತಿಳಿಯಲು ಅಷ್ಟು ಸಾಕು. ಮೊದಲ ದಿನ ನೀಲಮ "ಕಾಂಬಳೆ" ಎಂದಾಗ ಧರೆಪ್ಪ ಸರ್ ಬರೆದುಕೊಂಡರು ಅಷ್ಟೇ. ನಾನೂ ಬರೆದುಕೊಂಡೆ. ಆಮೇಲೆ ಕೂತು ಮೂರು ಬಗೆಯ ಮೋಸ ಹೊಸೆದೆ, ಮೂರನ್ನೂ ಅವಳ ತಲೆಗೇ ಕಟ್ಟಿದೆ. ದಾನೇಶ್ವರಿ ಪೆನ್‌ಡ್ರೈವ್ ತಂದಿದ್ದಳೇ ಎಂಬ ಕರಡು ನನಗೆ ಹೊಳೆಯಲೇ ಇಲ್ಲ. (ನಿಮಗೆ? ಅಡ್ಡಹೆಸರನ್ನು ನಿಮಗೆ ಈಗ ತಾನೆ ಹೇಳಿದ್ದೇನೆ, ನಿಜ. ಆದರೆ ಹೊಲದ ಕಳೆಯ ಸುದ್ದಿ ಮೊದಲೇ ಹೇಳಿದ್ದೆನಲ್ಲ.)

"ದಾನೇಶ್ವರಿನ್ನೂ ಕರೀರಿ," ಎಂದಳು ನೀಲಮ. "ಆಕಿ ಕೀಬೋರ್ಡೂ ಬದಲ ಮಾಡ್ರಿ. ಆಕಿ ಬೆನ್ನ ಹಿಂದೂ ನಿಂದರ್ರಿ. ಆಮ್ಯಾಗ ನಾನೂ ಹೊಡಿತೀನಿ."

ಮಾತು ನ್ಯಾಯವಾಗಿತ್ತು. ಧರೆಪ್ಪ ಸರ್ ಮೊಬೈಲ್ ತೆಗೆದು ದಾನೇಶ್ವರಿಯ ನಂಬರ್ ಹುಡುಕಿದರು. ಸಿಕ್ಕಿತು. ಹೆಬ್ಬೆರಳು ಅದರ ಮೇಲೆ ಬಂದು ನಿಂತುಬಿಟ್ಟಿತು.

"ಏನಂತ ಹೇಳ್ಲಿರಿ ಆಕಿಗೆ?" ಎಂದು ನನ್ನನ್ನು ಕೇಳಿದರು.

"ಮತ್ತೊಮ್ಮೆ ಪರೀಕ್ಷೆ ಇದೆ ಅನ್ನಿ."

"ಯಾಕ ಅಂತಾಳ."

"ನಿನ್ನ ಮೇಲೆ ಸಂಶಯ ಬಂದಿದೆ ಅನ್ನಿ."

"ಛೆ ಛೆ! ಒಬ್ಬ ಹೆಣ್ಣಮಗಳ ಮಾರಿ ಮ್ಯಾಲ ಹಂಗ ಅನ್ನಾಕ ಹೆಂಗ ಬರತೈತ್ರಿ? ಮನಸ್ಸಿಗೆ ಎಷ್ಟ ಹತ್ತತೈತಿ!"

ಅಂದವರೇ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದರು. ಹೆಣ್ಣುಮಗಳೊಬ್ಬಳು ಎರಡು ಮಾರು ದೂರದಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದಳು.

ಕೊನೆಗಳು

(ಅ) ಧರೆಪ್ಪ ಸರ್ ಸಹಿ ಮಾಡುತ್ತಾರೆ. ಅವರಿಗೆ ನಿರಾಳ, ನನಗೆ ನಿರಾಳ, ನೀವೂ ಹಗುರಾಗಿ ಚಹಾ ಕುಡಿಯಲು ಏಳುತ್ತೀರಿ.

(ಆ) ಮಾಡುವುದಿಲ್ಲ. ನೀವು ನಾಲ್ಕು ಹನಿ ಕಣ್ಣೀರು ಹಾಕಿ, ಲೋಕವೇ ಹೀಗೆ ಎಂದು ಚಹಾ ಕುಡಿಯಲು ಏಳುತ್ತೀರಿ.

ಎರಡೂ ನನಗೆ ಒಪ್ಪಿಗೆಯಿಲ್ಲ. ಮೊದಲನೆಯದರ ಮೇಲೆ ನನಗೇ ಸಂಶಯ, ಎರಡನೆಯದು ತೀರಾ ಸಲೀಸು. ಹಾಗಾಗಿ ಇಲ್ಲೇ ನಿಲ್ಲಿಸುತ್ತಿದ್ದೇನೆ. ಇಂಥ ಕಥೆಗಳಿಗೆ ಓಪನ್ ಎಂಡಿಂಗೇ ಲಕ್ಷಣ, ತೀರ್ಪನ್ನು ಓದುಗರಿಗೆ ಬಿಡಬೇಕು ಎಂದು ನೀಲಮಳಿಗೆ ಸಾವಧಾನವಾಗಿ ವಿವರಿಸಿದೆ. ಅವಳು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡಳು.

"ಕಥಿಗೆ ಕೊನಿ ಬ್ಯಾಡಂದ್ರ ಬಿಡ್ರಿ," ಎಂದಳು. "ನನ್ನ ಫಾರ್ಮಿಗೆ ಸಹಿ ಬೇಕು. ಐದಕ್ಕ ಇನ್ನ ಎಂಟ ನಿಮಿಷ ಐತಿ."