ಸಾಹೇಬರ ಕರಿ ಕೋಟು

ಅಧಿಕಾರ ಒಬ್ಬರ ಕೈಯಲ್ಲೇ ಇರಬಾರದು ಅಂತ ನಮ್ಮೂರಲ್ಲಿ ಬಲು ಕಟ್ಟುನಿಟ್ಟು. ಕಾನೂನು ಮಾಡುವ ಅಧ್ಯಕ್ಷರು ಬೇರೆ, ಜಾರಿ ಮಾಡುವ ಅಧಿಕಾರಿ ಬೇರೆ, ತಕರಾರು ಕೇಳುವ ನ್ಯಾಯಾಧೀಶರು ಬೇರೆ. ಎರಡು ಹುದ್ದೆ ಖಾಲಿ ಬಿದ್ದಿದ್ದರಿಂದ ಮೂರನ್ನೂ ಸಾಹೇಬರೊಬ್ಬರೇ ನೋಡಿಕೊಳ್ಳುತ್ತಿದ್ದರು, ಅಷ್ಟೇ. ಆದರೂ ನಿಯಮ ನಿಯಮವೇ: ಕಾನೂನು ಮಾಡುವಾಗ ಬಿಳಿ ಕೋಟು, ಜಾರಿಗೆ ಬೂದು, ತೀರ್ಪಿಗೆ ಕರಿ. ಮೂರನ್ನೂ ಹೊಲಿದವನು ನಾನು, ಊರಿಗಿರುವ ಒಬ್ಬನೇ ದರ್ಜಿ. ಕಚೇರಿಯ ವರಾಂಡದಲ್ಲಿ ಹದಿನಾಲ್ಕು ವರ್ಷದಿಂದ ನನ್ನ ಮಿಷನ್ನು. ಮನೆಯ ಒಲೆ ಉರಿಯುವುದು ಅದರಿಂದಲೇ.

ಸೋಮವಾರ ಬಿಳಿ ಕೋಟು, ವರಾಂಡದಲ್ಲಿ ಯಾರೂ ದುಡಿಯಕೂಡದೆಂದು ಕಾನೂನು ಮಾಡಿತು. ಅಲ್ಲಿ ದುಡಿಯುತ್ತಿದ್ದವನು ನಾನೊಬ್ಬನೇ. ಸಾಹೇಬರ ಸ್ಕೂಟರಿಗೆ ನೆರಳು ಬೇಕಿತ್ತಂತೆ, ಸ್ಕೂಟರು ದುಡಿಯುವುದಿಲ್ಲವಲ್ಲ. ಮಂಗಳವಾರ ಬೂದು ಕೋಟು ನೋಟಿಸು ಕೊಟ್ಟಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮಲ್ಲಿ ಆ ತೊಂದರೆಯಿಲ್ಲ, ಇಬ್ಬರೂ ಅವರೇ.

ಬುಧವಾರ ಅರ್ಜಿ ಹಿಡಿದು ಕರಿ ಕೋಟಿನ ಮುಂದೆ ನಿಂತೆ.

"ಸಾರ್, ನಿನ್ನೆ ನೀವೇ ನೋಟಿಸು ಕೊಟ್ರಲ್ಲ..."

"ನಾನಾ? ಅದು ಅಧಿಕಾರಿಗಳು ಕೊಟ್ಟಿದ್ದು. ಅವರ ಕೆಲಸದಲ್ಲಿ ನಾನು ತಲೆ ಹಾಕಲ್ಲ. ಶುಕ್ರವಾರ ವಿಚಾರಣೆ. ಅದು ಮುಗಿಯೋ ತನಕ ನಿನ್ನನ್ನ ಎಬ್ಬಿಸೋ ಹಾಗಿಲ್ಲ."

ಹೇಳುತ್ತಾ ಏಳಹೋದರು. ಕೋಟು ಕಂಕುಳಲ್ಲಿ ಪರ್ರೆಂದಿತು, ಒಂದು ಗುಂಡಿಯೂ ಹಾರಿತು. ಮೂರು ಹುದ್ದೆಯ ಊಟ ಒಂದೇ ಹೊಟ್ಟೆಗೆ ಅಂದರೆ ಸುಮ್ಮನೆಯೇ? ಬಿಚ್ಚಿ ನನ್ನ ಕೈಗೇ ಕೊಟ್ಟರು. ನನ್ನನ್ನು ಬೀದಿಗೆ ಹಾಕುವ ಕೋಟಿಗೆ ನಾನೇ ಹೊಲಿಗೆ ಹಾಕಬೇಕು! ಮೈಯೆಲ್ಲ ಉರಿದುಹೋಯಿತು.

ಮನೆಯಲ್ಲಿ ನನ್ನವಳು ನಕ್ಕುಬಿಟ್ಟಳು. "ಅಲ್ಲಾ ರೀ, ಹೇಳಿದ ದಿನಕ್ಕೆ ನೀವು ಯಾವತ್ತು ಬಟ್ಟೆ ಕೊಟ್ಟಿದ್ದೀರಿ? ಇದೊಂದಕ್ಕೆ ಯಾಕೆ ಅವಸರ?"

ಶುಕ್ರವಾರ ಸಾಹೇಬರು ವರಾಂಡಕ್ಕೇ ಬಂದರು.

"ಕೋಟು ಎಲ್ಲಯ್ಯಾ?"

"ಗುಂಡಿ ಬಾಕಿ ಸಾರ್. ಮುಂದಿನ ವಾರ ಬನ್ನಿ."

"ಬೂದು ಕೋಟಲ್ಲೇ ವಿಚಾರಣೆ ಮಾಡ್ತೀನಿ, ನಡಿ!"

"ಅಯ್ಯೋ, ಆಮೇಲೆ ಅಧಿಕಾರಿಗಳು ನಿಮ್ಮ ಕೆಲಸದಲ್ಲಿ ತಲೆ ಹಾಕಿದ ಹಾಗಾಗಲ್ವಾ ಸಾರ್?"

ಸಾಹೇಬರು ಸ್ಕೂಟರನ್ನು ಬಿಸಿಲಲ್ಲೇ ಬಿಟ್ಟು ಒಳಗೆ ಹೋದರು.

ಇದಾಗಿ ವರ್ಷವಾಯಿತು. ಕೋಟು ನನ್ನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ. ಊರಿನ ಉಳಿದವರ ತಕರಾರುಗಳೂ ಅದೇ ಮೊಳೆಗೆ ನೇತುಬಿದ್ದಿವೆ. ನನ್ನ ವಿಧವೆ ಅತ್ತಿಗೆಯ ಮನೆಯ ಕೇಸೂ ಅದರಲ್ಲಿದೆ. ವಾರಕ್ಕೊಮ್ಮೆ ಬಂದು, "ಗುಂಡಿ ಆಯ್ತಾ ಮೈದುನಾ?" ಅನ್ನುತ್ತಾರೆ.

"ಮುಂದಿನ ವಾರ ಅತ್ತಿಗೆ," ಅನ್ನುತ್ತೇನೆ. ನಾಚಿಕೆಯಾಗುತ್ತದೆ. ಗುಂಡಿ ನನ್ನ ಜೇಬಿನಲ್ಲೇ ಇದೆ.