ಎಳ್ಳುಕಾಳಿನಷ್ಟು ಕೆಂಪು

ಗಡಹಿಂಗ್ಲಜದ ಪಕ್ಕದ ನೂಲ ಎಂಬ ಊರಿನ ಶಾಲನ ಎಂಬಾಕೆ ಬೆಲ್ಲ ತಿನ್ನುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಬಿಟ್ಟದ್ದು ದೊಡ್ಡ ಮಾತಲ್ಲ, ಬೆಲ್ಲದ ಮನೆಯಲ್ಲಿದ್ದುಕೊಂಡು ಬಿಟ್ಟಳಲ್ಲ, ಅದು ಮಾತು. ಹಿತ್ತಲಲ್ಲೇ ಅವರ ಗಾಣ. ಕಬ್ಬಿನ ಸುಗ್ಗಿ ಸುರುವಾದರೆ ಬಾಗಿಲ ಚಿಲಕ ಕೂಡ ಕೈಗೆ ಅಂಟುತ್ತಿತ್ತು. ಆದರೆ ಜೈನರ ಮನೆಯ ಹೆಣ್ಣುಮಗಳು ಬಸದಿಯಲ್ಲಿ ಕೈಮುಗಿದು ಒಂದು ನೇಮ ಹಿಡಿದಳೆಂದರೆ ಹಿಡಿದಳು. ಗಂಡ ಹೇಳಿದರೂ ಇಲ್ಲ, ಅತ್ತೆ ಹೇಳಿದರೂ ಇಲ್ಲ. ಹಬ್ಬದ ದಿನ ಮನೆಮಂದಿಯೆಲ್ಲ ಹೋಳಿಗೆ ತಿಂದರೆ ಈಕೆ ಮೂಲೆಯಲ್ಲಿ ಕೂತು ಒಣ ಚಪಾತಿ ತಿಂದಳು. ನೇಮ ಇಷ್ಟೇ: ತನ್ನ ಚಿತ್ರದ ಕೆಂಪು ಕದಿಯುವವರು ಯಾರೆಂದು ಕಣ್ಣಾರೆ ನೋಡುವ ತನಕ ಬೆಲ್ಲವನ್ನು ನಾಲಿಗೆಗೆ ಮುಟ್ಟಿಸುವುದಿಲ್ಲ.

ಶಾಲನ ಬರೆಯುತ್ತಿದ್ದುದು ಕಡ್ಡಿಪೆಟ್ಟಿಗೆಯ ಮುಚ್ಚಳದಷ್ಟಗಲದ ಚಿತ್ರ. ಅದರೊಳಗೆ ಹೊಳೆ, ದಂಡೆ, ಕಬ್ಬಿನ ಹೊಲ, ಹೊಲದಲ್ಲಿ ಬಗ್ಗಿದ ಹೆಂಗಸು, ಹೆಂಗಸಿನ ಮೂಗಿನಲ್ಲಿ ನತ್ತು. ಇಂಥ ಸಣ್ಣ ಚಿತ್ರಗಳಿಗೆಂದೇ ಕೊಲ್ಹಾಪುರದಲ್ಲಿ ವರ್ಷಕ್ಕೊಮ್ಮೆ ಸ್ಪರ್ಧೆ ನಡೆಯುತ್ತಿತ್ತು. ಎರಡು ಸಲ ಮೈದುನನ ಕೈಯಲ್ಲಿ ಬೆಲ್ಲದ ಟೆಂಪೋದೊಳಗೆ ಕಳಿಸಿದಳು. ಮೊದಲನೆಯ ಸಲ ಚಿತ್ರದ ಗಿಳಿ ತಿರುಗಿ ಬಂತು, ಅದರ ಕೆಂಪು ಕೊಕ್ಕು ಬರಲಿಲ್ಲ. ಎರಡನೆಯ ಸಲ ಬಸದಿ ತಿರುಗಿ ಬಂತು, ಮೇಲಿನ ಕೆಂಪು ಬಾವುಟ ಬರಲಿಲ್ಲ. ಹಸಿರು, ಹಳದಿ, ಕಪ್ಪು ಎಲ್ಲ ಇದ್ದಲ್ಲೇ ಇದ್ದವು. ಕೆಂಪು ಇದ್ದ ಜಾಗ ಮಾತ್ರ ಉಗುರಿನಿಂದ ಕೆರೆದ ಹಾಗೆ ಬೋಳು. ಸ್ಪರ್ಧೆ ನಡೆಸುವವರು ಮೈದುನನಿಗೆ ಸ್ಪಷ್ಟವಾಗಿಯೇ ಹೇಳಿ ಕಳಿಸಿದ್ದರು: ಅರ್ಧಂಬರ್ಧ ಚಿತ್ರ ಮೂರನೆಯ ಸಲವೂ ಬಂದರೆ ನಾಲ್ಕನೆಯ ಸಲ ತರುವುದೇ ಬೇಡ.

ಅದಕ್ಕೆ ಈ ಸಲ, ಎಂಬತ್ತೊಂದನೆಯ ಇಸವಿಯ ಜನವರಿಯಲ್ಲಿ, ಶಾಲನ ತಾನೇ ಹೊರಟಳು. ಒಂದು ಸಲವಾದರೂ ತನ್ನ ಚಿತ್ರವನ್ನು ಪೂರ್ತಿಯಾಗಿ ಯಾರಾದರೂ ನೋಡಲಿ ಎಂಬುದು ಅವಳ ಆಸೆ. ಬಹುಮಾನ ಬಂದರೆ ಬರಲಿ, ಬಾರದಿದ್ದರೆ ಹಾಳಾಗಿ ಹೋಗಲಿ.

ಜೊತೆಗೆ ಗೆಳತಿ ತಾರವ್ವ ಹೊರಟಳು. ತಾರವ್ವನದು ಕುರಿ ಮನೆತನ. ಶಾಲನಳ ಕುಂಚ ಹುಟ್ಟುವುದೇ ಅವಳ ಹಟ್ಟಿಯಲ್ಲಿ. ಅಂಗಡಿಯ ಸಣ್ಣ ಕುಂಚಕ್ಕೆ ಅಳಿಲಿನ ಬಾಲದ ಕೂದಲು ಹಾಕುತ್ತಾರೆಂದು ತಿಳಿದ ದಿನದಿಂದ ಶಾಲನ ಅದನ್ನು ಮುಟ್ಟಿರಲಿಲ್ಲ. ಕುರಿಮರಿಯ ಕೊರಳ ಕೆಳಗಿನ ಎಳೆ ಕೂದಲನ್ನು ತಾರವ್ವ ನೋಯದಂತೆ ಕತ್ತರಿಸಿ ಕೊಡುತ್ತಿದ್ದಳು. ಕುರಿಗಳ ಬೆನ್ನಿಗೆ ಗುರುತು ಹಾಕುವ ಕಾವಿಮಣ್ಣನ್ನೂ ಅವಳೇ ತಂದುಕೊಡುತ್ತಿದ್ದಳು. ಶಾಲನಳ ಕೆಂಪೆಂದರೆ ಅದೇ. ಟೆಂಪೋ ನಡೆಸುವವನು ತಾರವ್ವನ ಗಂಡ ಧೋಂಡಿಬಾ. ಹೀಗಾಗಿ ಮೂಡಣ ಬೆಳಗಾಗುವ ಹೊತ್ತಿಗೆ ಹಿಂದೆ ಬೆಲ್ಲದ ಪೆಂಟೆ, ಮುಂದೆ ಇಬ್ಬರು ಹೆಂಗಸರು, ಶಾಲನಳ ಮಡಿಲಲ್ಲಿ ಬಟ್ಟೆ ಸುತ್ತಿದ ಹಿತ್ತಾಳೆಯ ಕುಂಕುಮದ ಕರಡಿಗೆ, ಅದರಲ್ಲಿ ಚಿತ್ರ.

"ಅಕ್ಕಾರ, ಅದನ್ನ ಹಿಂದ ಬೆಲ್ಲದ ಮ್ಯಾಲ ಇಡ್ರೆಲಾ. ಆರಾಮ ಕುಂಡ್ರಬಹುದು," ಎಂದ ಧೋಂಡಿಬಾ.

"ಎರಡ ವರ್ಷ ಬೆಲ್ಲದ ಮ್ಯಾಲ ಇಟ್ಟ ಏನಾತು ನೋಡಿದಿಲ್ಲೊ? ನಾ ಕೆಳಗ ಇಡೂದಿಲ್ಲ," ಎಂದಳು ಶಾಲನ.

ಸಂಕೇಶ್ವರದಲ್ಲಿ ಹೆದ್ದಾರಿ ಹಿಡಿದು, ನಿಪ್ಪಾಣಿಯ ಘಾಟು ಮುಗಿಯುವ ತನಕವೂ ಅವಳು ಅದನ್ನು ಕೆಳಗಿಡಲಿಲ್ಲ. ತಾರವ್ವನಿಗೆ ಮಾತ್ರ ಸುಮ್ಮನೆ ಕೂರುವ ಜಾಯಮಾನವಲ್ಲ.

"ಶಾಲನಾ, ಒಂದ ಕೇಳತೇನಿ. ಕದಿಯಾವ ಹಸರ ಯಾಕ ಬಿಡ್ತಾನ? ಹಳದಿ ಯಾಕ ಬಿಡ್ತಾನ? ಕೆಂಪಿನ ಮ್ಯಾಲ ಏನ ಸಿಟ್ಟು ಅವಗ?"

ಇದೇ ಪ್ರಶ್ನೆ ಶಾಲನಳನ್ನು ಎರಡು ವರ್ಷ ಕೊರೆದಿತ್ತು. "ಕೆಂಪ ಹ್ವಾದ್ರ ಚಿತ್ರದ ಜೀವಾ ಹೋಗತೈತಿ. ಅದು ಗೊತ್ತಿದ್ದವರ ಮಾಡ್ಯಾರ," ಎಂದಳು.

ಇಚಲಕರಂಜಿಯ ಹತ್ತಿರದ ಯಡ್ರಾವದಲ್ಲಿ ಮೂರನೆಯವಳು ಹತ್ತಬೇಕಿತ್ತು. ರತ್ನಮಾಲಾ ಎಂಬ ಈಕೆ ನೂಲದವಳೇ, ಮಗ್ಗದ ಮನೆಗೆ ಮದುವೆಯಾಗಿ ಬಂದವಳು. ಯಂತ್ರದ ಮಗ್ಗಗಳ ಖಟಖಟದಲ್ಲಿ ಬಾಳುವೆ ಮಾಡಿ ಮಾಡಿ ಅವಳು ಮಾತಾಡಿದರೆ ಜಗಳಕ್ಕೆ ನಿಂತಳೇನೋ ಅನಿಸುತ್ತಿತ್ತು. ಅವಳ ಮನೆಯಲ್ಲಿ ಚಹಾ ಆಗುವಷ್ಟರಲ್ಲಿ ಶಾಲನ ಕರಡಿಗೆ ಬಿಚ್ಚಿದಳು. ಕಡ್ಡಿಪೆಟ್ಟಿಗೆಯಗಲದಲ್ಲಿ ಹಿರಣ್ಯಕೇಶಿ ಹೊಳೆ. ಹೊಳೆ ದಾಟುತ್ತಿರುವ ಕುರಿಹಿಂಡು. ಹಿಂಡಿನ ಹಿಂದೆ ಕಂಬಳಿ ಹೊದ್ದ ಕುರುಬ, ಅವನ ತಲೆಗೆ ಸುತ್ತಿದ ಎಳ್ಳುಕಾಳಿನಷ್ಟು ಕೆಂಪು ಪಟಗಾ. ಇಡೀ ಚಿತ್ರದಲ್ಲಿ ಕೆಂಪೆಂದರೆ ಅದೊಂದೇ.

ಒಂದು ಕುರಿಯ ಕಿವಿ ತೆಳುವಾಗಿ ಕಂಡಿತು. ಶಾಲನ ಕುಂಚ ತೆಗೆದು, ತುದಿಯನ್ನು ತುಟಿಯ ನಡುವೆ ಇಟ್ಟು ಎಳೆದು, ಸೂಜಿಯಂತೆ ಮಾಡಿಕೊಂಡು ಕಿವಿ ತಿದ್ದಿದಳು. ನೀರಿನಲ್ಲಿ ಅದ್ದಿದರೆ ಕುಂಚ ಅಷ್ಟು ಚೂಪಾಗುವುದಿಲ್ಲ. ಸಣ್ಣ ಚಿತ್ರದವರಿಗೆಲ್ಲ ಇರುವ ಅಭ್ಯಾಸವೇ ಇದು.

"ಬಣ್ಣ ಒಡದ ಉದರಿರಬೇಕು ತಗೋ," ಎಂದಳು ರತ್ನಮಾಲಾ.

"ಒಡಿಯಂಗಿಲ್ಲ. ಬಣ್ಣ ಬಿರುಕ ಬಿಡಬಾರದಂತ ಮಂದಿ ಜೇನ ಹಾಕತಾರ. ನಮ್ಮ ಜೈನರಿಗೆ ಜೇನ ನಡಿಯೂದಿಲ್ಲಲಾ, ಅದಕ ನಾ ಅಂಟಿನಾಗ ಬೆಲ್ಲ ಕಲಸತೇನಿ. ಕಾವಿ ಒರಟ ಮಣ್ಣು, ಅದಕ ಜರಾ ಹೆಚ್ಚ. ಮನ್ಯಾಗ ಕಪಾಟಿನಾಗ ವರ್ಷಗಟ್ಟಲೆ ಇಟ್ಟರೂ ಏನೂ ಆಗೂದಿಲ್ಲ."

ಹೌದು, ಆಗುತ್ತಿರಲಿಲ್ಲ. ಬೆಲ್ಲದ ಮನೆಯ ಕಪಾಟಿನ ನಾಲ್ಕೂ ಕಾಲು ಸದಾ ನೀರಿನ ಬಟ್ಟಲಲ್ಲಿ ನಿಂತಿರುತ್ತವೆ.

"ಹಂಗಾದ್ರ ಆ ಗಂಗುಬಾಯಿನ," ಎಂದು ರತ್ನಮಾಲಾ ತೀರ್ಪು ಕೊಟ್ಟಳು. ಗಂಗುಬಾಯಿ ಕೊಲ್ಹಾಪುರದವಳು, ಎರಡು ವರ್ಷವೂ ಅವಳ ಮೇಜು ನೂಲದ ಚಿತ್ರದ ಪಕ್ಕದಲ್ಲೇ ಇತ್ತೆಂದು ಮೈದುನ ಹೇಳಿದ್ದ, ಎರಡು ವರ್ಷವೂ ಮೊದಲ ಬಹುಮಾನ ಅವಳಿಗೇ. ಇನ್ನೇನು ಬೇಕು? ಹೊರಡುವಾಗ ರತ್ನಮಾಲಾ ಗಂಡನ ಮೇಜಿನಿಂದ ಬಟ್ಟೆಯ ಎಳೆ ಎಣಿಸುವ ಭೂತಗನ್ನಡಿಯೊಂದನ್ನು ಸೆರಗಿನೊಳಗೆ ಹಾಕಿಕೊಂಡಳು. "ಉಗರಿನಾಗ ಕೆಂಪ ಹತ್ತಿದ್ರ ಕಾಣಬೇಕಲ್ಲ," ಎಂದಳು.

ಕೊಲ್ಹಾಪುರದ ಸಭಾಂಗಣದಲ್ಲಿ ಮೇಜುಗಳನ್ನು ಸಾಲಾಗಿ ಹಾಕಿದ್ದರು. ಗಂಗುಬಾಯಿ ಆಗಲೇ ಬಂದು ಕೂತಿದ್ದಳು. ಐವತ್ತು ದಾಟಿದ ಹೆಂಗಸು, ಹಣೆಯ ತುಂಬ ಕುಂಕುಮ, ದಪ್ಪ ಕನ್ನಡಕ. ಶಾಲನ ಚಿತ್ರವನ್ನೂ ಸುತ್ತಿದ ಬಟ್ಟೆಯನ್ನೂ ಮೇಜಿನ ಮೇಲಿಟ್ಟು, ತನ್ನ ಕುರ್ಚಿಯನ್ನು ಎರಡೂ ಮೇಜುಗಳ ನಡುವೆ ಎಳೆದುಕೊಂಡು ಕೂತಳು. ನಮಸ್ಕಾರ ಗಿಮಸ್ಕಾರ ಏನೂ ಇಲ್ಲ. ತನಗೆ ಬರುವ ಮರಾಠಿಯಲ್ಲಿ, "ಬಾಯಿ, ಈ ವರ್ಷ ನಾನೇ ಬಂದಿದ್ದೇನೆ. ಕೈ ನಿಮ್ಮ ಕಡೆಗೇ ಇರಲಿ," ಎಂದುಬಿಟ್ಟಳು.

ಗಂಗುಬಾಯಿ ಕನ್ನಡಕದ ಮೇಲಿಂದ ಒಮ್ಮೆ ನೋಡಿ, ತನ್ನ ಚಿತ್ರ ಒರೆಸತೊಡಗಿದಳು.

ಮುಂದಿನದೆಲ್ಲ ಕನ್ನಡದಲ್ಲಿ ನಡೆಯಿತು. ಕೊಲ್ಹಾಪುರದ ಬಾಯಿಗೆ ಕನ್ನಡ ಎಲ್ಲಿಂದ ಬರಬೇಕು ಎಂಬ ಧೈರ್ಯ.

"ಮಾರಿ ನೋಡ, ಏನ ಸಾಧ್ವಿ," ಎಂದಳು ರತ್ನಮಾಲಾ.

"ಉಗರ ನೋಡ ಮೊದಲ. ಬೆಳಸ್ಯಾಳ," ಎಂದಳು ತಾರವ್ವ.

"ಎರಡ ವರ್ಷ ನನ್ನ ಬೆಲ್ಲಾ ಬಿಡಿಸಿದ ಕೈ ಅದು," ಎಂದಳು ಶಾಲನ.

ಪರೀಕ್ಷಕರು ಮಧ್ಯಾಹ್ನದ ನಂತರ ಸಾಲಿನ ಆ ತುದಿಯಿಂದ ಸುರುಮಾಡಿದರು. ಬಿಳಿ ಟೋಪಿಯ ಮುದುಕರು, ಒಂದೊಂದು ಮೇಜಿನ ಮುಂದೂ ನಿಂತು ನೋಡುತ್ತಿದ್ದರು. ಶಾಲನ ಗಂಗುಬಾಯಿಯ ಕೈಯಿಂದ ಕಣ್ಣು ಕದಲಿಸಿರಲಿಲ್ಲ. ಆ ಕೈ ತನ್ನ ಮೇಜಿನಿಂದ ಈಚೆ ಬಂದಿರಲೂ ಇಲ್ಲ. ಆದರೂ ತಾರವ್ವ ಒಮ್ಮೆಲೇ ಸೊಂಟ ತಿವಿದಳು.

"ಶಾಲನಾ, ಕುರುಬನ ಪಟಗಾ ಅರ್ಧಾ ಆಗೇತಲ್ಲಾ!"

ಶಾಲನ ತಿರುಗಿದಳು. ರತ್ನಮಾಲಾ ಕೊಟ್ಟ ಭೂತಗನ್ನಡಿಯನ್ನು ಚಿತ್ರದ ಮೇಲೆ ಹಿಡಿದು ಬಗ್ಗಿದಳು. ಕುರಿಗಳು ದೊಡ್ಡವಾದವು, ಹೊಳೆ ಅಗಲವಾಯಿತು, ಕುರುಬ ಎದ್ದು ಬಂದ. ಅವನ ತಲೆಯ ಸುತ್ತ ಐದಾರು ಇರುವೆ. ಕೂದಲೆಳೆಯಂಥ ಸಣ್ಣ, ಬರಿಗಣ್ಣಿಗೆ ಬಣ್ಣದ ಚುಕ್ಕೆಯೆನಿಸುವಂಥ ಇರುವೆ. ಸುತ್ತಿದ ಬಟ್ಟೆಯ ಮಡಿಕೆಯಿಂದ ಸಾಲು ಹಿಡಿದು ಬಂದು, ಹಸಿರನ್ನು ತುಳಿದು, ಹಳದಿಯನ್ನು ದಾಟಿ, ನೆಟ್ಟಗೆ ಕೆಂಪಿಗೇ ಬಾಯಿ ಹಾಕಿದ್ದವು. ಬೆಲ್ಲ ಹೆಚ್ಚಿದ್ದ ಕೆಂಪಿಗೆ.

ಗಿಳಿಯ ಕೊಕ್ಕು, ಬಸದಿಯ ಬಾವುಟ, ಬೆಲ್ಲದ ಟೆಂಪೋ ಎಲ್ಲವೂ ಒಂದೇ ಏಟಿಗೆ ಅವಳಿಗೆ ಅರ್ಥವಾದವು. ಕಳ್ಳರು ಸಿಕ್ಕಿದ್ದರು. ಅವಳಿಗೆ ಸಿಟ್ಟು ಬರಲಿಲ್ಲ. ಇಷ್ಟು ಪುಟ್ಟ ಬಾಯಿಗಳು ಹೇಗೆ ಕೆಲಸ ಮಾಡುತ್ತವೆ ಎಂದು ಬೆರಗಾಗಿ ಇನ್ನೂ ಸ್ವಲ್ಪ ಹೊತ್ತು ನೋಡುತ್ತ ನಿಂತುಬಿಟ್ಟಳು.

"ಸರಿ ಆಕಡೆ," ಎಂದು ತಾರವ್ವ ಹೆಬ್ಬೆಟ್ಟು ಮುಂದೆ ತಂದಳು. ಒರೆಸಿದರೆ ಒಂದು ಕ್ಷಣದ ಕೆಲಸ. ಶಾಲನ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಬ್ಯಾಡ ತಾರಾ. ಜೀವ ಅವು."

"ಪರೀಕ್ಷಾದಾವ್ರು ಬಂದ್ರಲ್ಲಾ! ಅರ್ಧಾ ಅಂತ ಮತ್ತ ಹೊರಗ ಹಾಕ್ತಾರ ನಿನ್ನ! ಮುಂದ ಯಾವತ್ತೂ ಬಿಡೂದಿಲ್ಲ!"

"ಹಾಕ್ಲಿ. ಕೊಂದು ನಾ ಚಿತ್ರಾ ತೋರಸೂದಿಲ್ಲ. ನಿನ್ನ ಸೆರಗಿನಾಗ ಬೆಲ್ಲ ಐತಿ ಹೌದಿಲ್ಲೊ? ಕೊಡ."

ತಾರವ್ವನ ಸೆರಗಿನ ಗಂಟಿನಲ್ಲಿ ಬೆಲ್ಲದ ಚೂರು ಇಲ್ಲದ ದಿನ ಯಾವುದು? ಶಾಲನ ಒಂದು ಹರಳನ್ನು ಚಿತ್ರದ ಅಂಚಿಗೆ ತಾಗಿಸಿ ಇಟ್ಟಳು. ಒಂದು ಇರುವೆ ಮೀಸೆಯಾಡಿಸಿತು, ತಿರುಗಿತು, ನಡೆಯಿತು. ಅದರ ಹಿಂದೆ ಇನ್ನೊಂದು. ಮೂವರು ಹೆಂಗಸರೂ ಚಿತ್ರದ ಮೇಲೆ ಬಗ್ಗಿದ್ದರು. ಪರೀಕ್ಷಕರು ಗಂಗುಬಾಯಿಯ ಮೇಜಿಗೆ ಬಂದರು. ಒಂದೇ ಒಂದು ಇರುವೆ ಮಾತ್ರ, ಹೊಟ್ಟೆ ತುಂಬಿದ್ದೇನೋ, ಪಟಗಾ ಇರಬೇಕಾದ ಜಾಗದಲ್ಲಿಯೇ ಅಲ್ಲಾಡದೆ ಕೂತಿತ್ತು.

ಆಗ ಗಂಗುಬಾಯಿ ಮಾತಿಗೆ ಸುರುಮಾಡಿದಳು. ಬೆಳಗಿನಿಂದ ತುಟಿ ಬಿಚ್ಚದ ಹೆಂಗಸು, ತನ್ನ ಚಿತ್ರದ ಮೊದಲ ಗೆರೆಯಿಂದ ಹಿಡಿದು ಕಾಗದ ತಂದ ಅಂಗಡಿ, ಅಂಗಡಿಯವನ ಮಗಳ ಮದುವೆ, ಮದುವೆಯ ಊಟದವರೆಗೆ ಹೇಳತೊಡಗಿದಳು. ಮುದುಕರು ಎರಡು ಸಲ ಮುಂದೆ ಹೆಜ್ಜೆ ಇಟ್ಟರು. ಎರಡು ಸಲವೂ ಆಕೆ ತೋಳು ಹಿಡಿದಂತೆ ನಿಲ್ಲಿಸಿದಳು. ಪರೀಕ್ಷಕರು ಬೇಸರಗೊಂಡರೆ ಅವಳಿಗೇ ಕೇಡು, ಅದನ್ನೂ ಲೆಕ್ಕಿಸಲಿಲ್ಲ.

ಕೊನೆಯ ಇರುವೆ ಎದ್ದಿತು, ಹೋಯಿತು.

ಶಾಲನ ಚೀಲದಿಂದ ಕಾವಿ ತೆಗೆದು, ಬೆಲ್ಲ ಹಾಕದೆ ಬರೀ ಅಂಟಿನಲ್ಲಿ ಕಲಸಿದಳು. ನಾಳೆ ಬಿರುಕು ಬಿಡಲಿ, ಇವತ್ತಿಗೆ ನಿಂತರೆ ಸಾಕು. ಕೆಂಪಿಗೆಂದೇ ಇಟ್ಟ ಕುಂಚ ತೆಗೆದು, ಅಭ್ಯಾಸದಂತೆ ತುದಿಯನ್ನು ತುಟಿಯ ನಡುವೆ ಇಟ್ಟು ಎಳೆದಳು. ತುದಿಯಲ್ಲಿ ನಿನ್ನೆಯ ಕೆಂಪು ಒಣಗಿತ್ತು.

ಸಿಹಿಯಾಗಿತ್ತು.

ಕೈ ಅಲ್ಲೇ ನಿಂತಿತು. ಎರಡು ವರ್ಷ ಹೋಳಿಗೆ ಬಿಟ್ಟು, ಪಾಯಸ ಬಿಟ್ಟು, ಅತ್ತೆಯ ಕೈಲಿ ಬೈಸಿಕೊಂಡು ಕಾದ ನೇಮ. ಎರಡು ವರ್ಷ, ಕುಂಚ ಹಿಡಿದ ದಿನವೆಲ್ಲ, ಗೆರೆಗೊಮ್ಮೆ ನಾಲಿಗೆಯ ಮೇಲೆ ಬೆಲ್ಲ. ತಿನ್ನುವುದೇ ಬೇರೆ, ಬರೆಯುವುದೇ ಬೇರೆ ಎಂದು ಅವಳ ಮನಸ್ಸು ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಟ್ಟುಕೊಂಡಿತ್ತು. ಇರುವೆಗಳು ಉಂಡ ತಟ್ಟೆಯಲ್ಲೇ ತಾನೂ ಉಂಡಿದ್ದಳು, ಅವಕ್ಕಿಂತ ಮೊದಲು.

"ಶಾಲನಾ, ಬರೀ!" ಎಂದು ತಾರವ್ವ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಶಾಲನ ಸೆರಗಿನಿಂದ ತುಟಿ ಒರೆಸಿ, ಕುಂಚವನ್ನು ನೀರಿನಲ್ಲಿ ತೊಳೆದು, ನೀರಿನಲ್ಲೇ ಚೂಪು ಮಾಡಿ, ಕುರುಬನ ತಲೆಗೆ ಪಟಗಾ ಸುತ್ತಿದಳು.

ಮುದುಕರು ಬಂದು ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಕೊನೆಗೆ, ಎದ್ದ ಮೇಲೆ, ಒಂದೇ ಒಂದು ಪ್ರಶ್ನೆ ಕೇಳಿದರು: "ಹೇ ಏಕ ಮೆಂಢರೂ ಮಾಗಂ ಕಾ ಬಘತಂಯ?" ಎಲ್ಲ ಕುರಿಗಳೂ ಆಚೆ ದಂಡೆ ನೋಡುತ್ತಿರುವಾಗ ಈ ಒಂದು ಮಾತ್ರ ಹಿಂದೆ ಯಾಕೆ ನೋಡುತ್ತಿದೆ?

ಶಾಲನಳ ಕಣ್ಣು ತುಂಬಿತು. ಆ ಕುರಿ ಕುಂಚದ ಕೂದಲು ಕೊಟ್ಟ ಮರಿಯ ತಾಯಿ. ಮರಿ ಇನ್ನೂ ಈಚೆ ದಂಡೆಯಲ್ಲಿದೆ, ಹುಲ್ಲಿನ ನಡುವೆ, ಸಾಸಿವೆಯ ಅರ್ಧದಷ್ಟು. ಮನೆಯಲ್ಲಿ ಅದನ್ನು ಯಾರೂ ಕಂಡಿರಲಿಲ್ಲ. ಅವಳು ಬೆರಳು ತೋರಿದಳು. ಮುದುಕರು ಮತ್ತೆ ಬಗ್ಗಿ, ಹುಡುಕಿ, ಸಿಕ್ಕಾಗ ಮಕ್ಕಳಂತೆ "ಆಹಾ" ಎಂದರು.

ಬಹುಮಾನ ಮೀರಜಿನ ಯಾರಿಗೋ ಹೋಯಿತು. ಗಂಗುಬಾಯಿಗೂ ಬರಲಿಲ್ಲ. ಶಾಲನ ಆಕೆಯ ಮುಂದೆ ಹೋಗಿ ನಿಂತು ಮರಾಠಿಯಲ್ಲಿ ತಪ್ಪಾಯಿತು ಎನ್ನಲು ಶಬ್ದ ಹುಡುಕುತ್ತಿದ್ದಳು.

"ಕನ್ನಡದಾಗ ಹೇಳವಾ, ತಿಳೀತೈತಿ," ಎಂದಳು ಗಂಗುಬಾಯಿ. "ನನ್ನ ತವರಮನಿ ಗಡಹಿಂಗ್ಲಜ."

ಮೂವರೂ ನಿಂತಲ್ಲೇ ನಾಚಿ ನೀರಾದರು. ತಾರವ್ವ ಬೆಳಗಿನಿಂದ ಆಡಿದ್ದನ್ನೆಲ್ಲ ನೆನಸಿಕೊಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಎಲ್ಲಾ ಕೇಳಿದ ಮ್ಯಾಲೂ ಪರೀಕ್ಷಾದಾವ್ರನ್ನ ಯಾಕ ತಡದ್ರಿ?" ಎಂದಳು ಶಾಲನ.

"ನೀ ಆಕಿ ಕೈ ಹಿಡದಿ ನೋಡ, ಇರುವಿ ಸಾಯಬಾರದಂತ. ಆ ಮ್ಯಾಲ ಹ್ಯಾಂಗ ಸುಮ್ಮ ಕುಂಡ್ರಲಿ?" ಎಂದು ಗಂಗುಬಾಯಿ ತನ್ನ ಉಗುರುಗಳನ್ನು ತಾರವ್ವನ ಮುಂದೆ ಚಾಚಿದಳು. "ಇವನ್ನ ಮಾತ್ರ ನಾಳೆ ಕತ್ತರಸತೇನಿ ತಗೋ."

ತಿರುಗಿ ಬರುವಾಗ, ಜೈನರ ರೂಢಿಯಂತೆ ಹೊತ್ತು ಮುಳುಗುವ ಮುಂಚೆ ಶಾಲನ ಉಣ್ಣಬೇಕೆಂದು, ಕಾಗಲದ ಹತ್ತಿರ ಧೋಂಡಿಬಾ ಟೆಂಪೋ ನಿಲ್ಲಿಸಿದ. ರೊಟ್ಟಿಯ ಗಂಟು ಬಿಚ್ಚಿ ತಾರವ್ವ ದೊಡ್ಡದೊಂದು ಬೆಲ್ಲದ ಹೆಂಟೆಯನ್ನು ಗೆಳತಿಯ ಮುಂದೆ ಹಿಡಿದಳು.

"ಕಳ್ಳರ ಸಿಕ್ರು, ನೇಮ ಮುಗೀತು. ತಿನ್ನ ಇನ್ನ."

ಶಾಲನ ಅದನ್ನು ಕೈಯಲ್ಲಿ ತೆಗೆದುಕೊಂಡಳು. ಮೂಗಿನ ಹತ್ತಿರ ತಂದಳು. ಬಾಯಲ್ಲಿ ನೀರೂರಿತು, ಅದನ್ನು ಮುಚ್ಚಿಟ್ಟುಕೊಳ್ಳಲೂ ಇಲ್ಲ. ಮತ್ತೆ ತಾರವ್ವನ ಕೈಗೇ ಇಟ್ಟಳು.

"ಎರಡ ವರ್ಷ ದಿನಾ ತಿಂದೇನಿ ತಾರಾ," ಎಂದಳು. "ಇವತ್ತಿಂದ ಬಿಡತೇನಿ."