ಮೌಸ್ ನಿಮ್ಮ ಕೈಯಾಗ ತಗೋರಿ

ಸುರಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ದುರ್ಗಾ ಬರೆಯುವ ಗೈಡುಗಳಿಗೆಲ್ಲ ಮೊದಲ ಸಾಲು ಒಂದೇ: ‘ಮೌಸ್ ನಿಮ್ಮ ಕೈಯಾಗ ತಗೋರಿ.’ ಪ್ರಿಂಟರ್ ಜೋಡಿಸುವುದಿರಲಿ, ಕನ್ನಡ ಟೈಪಿಂಗ್ ಹಾಕಿಕೊಳ್ಳುವುದಿರಲಿ, ಉಳಿದ ಹಂತಗಳೆಲ್ಲ ಆಮೇಲೆ. ಕಕ್ಕೇರಾದ ಮಾಸ್ತರರಿಂದ ಹಿಡಿದು ಬಳಿಚಕ್ರದ ಗುಮಾಸ್ತರವರೆಗೆ ಎಲ್ಲರ ಫೋನಿನಲ್ಲೂ ಅವು ಓಡಾಡುತ್ತವೆ. ಆ ಸಾಲು ಯಾಕೆಂದು ಮಾತ್ರ ಯಾರೂ ಕೇಳಿಲ್ಲ.

ಅದು ಶಾಂತಕುಮಾರನ ಮೇಲಿನ ಸಿಟ್ಟು. ಶಹಾಪುರದಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವ ಈ ಮಹಾಶಯ, ಫೀಸು ಕಟ್ಟಿ ಬಂದ ದುರ್ಗಾಳಂಥ ಹುಡುಗಿಯರ ಕೈಗೆ ಒಮ್ಮೆಯೂ ಮೌಸ್ ಕೊಟ್ಟವನಲ್ಲ. “ಕೈ ತಗೀರಿ, ಕೆಡಸ್ತೀರಿ. ಬರೇ ನೋಡ್ರಿ,” ಎಂದು ತಾನೇ ಟಕಟಕ ಒತ್ತಿ ಮುಗಿಸುತ್ತಿದ್ದ. ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಆಪರೇಟರ್ ಕೆಲಸದ ಪರೀಕ್ಷೆಗೆ ಕೂತ ದಿನ ದುರ್ಗಾ ಮೌಸನ್ನು ಹಿಂದುಮುಂದಾಗಿ ಹಿಡಿದಳು. ಸುತ್ತಲಿದ್ದವರು ನಕ್ಕರು. ಕೆಲಸ ತಪ್ಪಿತು. ಆ ನಗು ಅವಳ ಕಿವಿಯಲ್ಲಿ ಇಂದಿಗೂ ಇದೆ.

ಈಗ ಅದೇ ಶಾಂತಕುಮಾರ ಬಗಲಲ್ಲಿ ಲ್ಯಾಪ್‌ಟಾಪ್ ಹಿಡಿದು ಅವಳ ಅಂಗಡಿಯ ಮೆಟ್ಟಿಲು ಹತ್ತಿದ್ದ. ಅವಳ ಗುರುತು ಅವನಿಗೆ ಹತ್ತಲಿಲ್ಲ. ಪರೀಕ್ಷೆ ನಡೆಸುವ ಹೊಸ ತಂತ್ರಾಂಶವನ್ನು ಮರುದಿನ ತಪಾಸಣೆಯವರ ಎದುರು ಅವನೇ ಹಾಕಿ ತೋರಿಸಬೇಕಿತ್ತು. ಬಾರದಿದ್ದರೆ ಕೇಂದ್ರದ ಪರವಾನಗಿ ರದ್ದು.

“ಅದರ ಗೈಡ್ ನೀ ಇನ್ನಾ ಬರದಿಲ್ಲಂತ. ಸ್ವಲ್ಪ ಕಲಸಿಕೊಡು ತಂಗಿ.”

“ಅದಕ್ಕೇನ್ರಿ ಸರ್, ಕುಂದರ್ರಿ.”

ಅವನು ಮೌಸಿಗೆ ಕೈ ಚಾಚಿದ.

“ಕೈ ತಗೀರಿ, ಕೆಡಸ್ತೀರಿ. ಬರೇ ನೋಡ್ರಿ.”

ಅವನು ಕಣ್ಣು ಪಿಳಿಪಿಳಿ ಬಿಟ್ಟ. ದುರ್ಗಾ ಟಕಟಕ ಒತ್ತಿದಳು. ಒಂದು ಪರದೆ ಬಂತು, ಓದುವುದರೊಳಗೆ ಹೋಯಿತು, ಇನ್ನೊಂದು ಬಂತು. “ಸಾವಕಾಶ ಮಾಡು,” ಎಂದು ಅವನು ಗೋಗರೆದರೂ ಅವಳ ಬೆರಳು ನಿಲ್ಲಲಿಲ್ಲ. ತಂತ್ರಾಂಶ ಚೆಂದವಾಗಿ ತೆರೆದುಕೊಂಡಿತು. ಶಾಂತಕುಮಾರನ ಮುಖ ಅರಳುವುದಕ್ಕೂ, ಅವಳು ಅದನ್ನು ಬುಡಸಮೇತ ಅಳಿಸುವುದಕ್ಕೂ ಸರಿಹೋಯಿತು.

“ಅಯ್ಯಯ್ಯೋ, ಯಾಕ ತಗದಿ?”

“ನಾಳಿ ನೀವ ಹಾಕಬೇಕಲ್ರಿ. ನೋಡೀರಲ್ಲ, ಬರತೈತಿ ತಗೋರಿ.”

“ಇನ್ನೊಂದು ಸಲ ಮಾಡಿಸು. ಈ ಸಲ ನನ್ನ ಕೈಯಾಗ ಕೊಡು. ನಿನ್ನ ಗೈಡಿನಾಗ ಮೊದಲ ಅದನ್ನ ಬರದೀಯಲ್ಲ!”

“ಅದನ್ನ ನನ್ನ ಕೈಲೆ ಬರಸಿದೋರು ನೀವ ಅದೀರಿ, ಸರ್. ನಾ ನಿಮ್ಮ ಕಡೆನೇ ಕಲತಾಕಿ.”

ಲ್ಯಾಪ್‌ಟಾಪ್ ಮುಚ್ಚಿ ಅವನ ಕೈಗಿಟ್ಟಳು. ಪಾಪ ಅನ್ನಿಸಲಿಲ್ಲ. ಹೊಟ್ಟೆ ತಣ್ಣಗಾಯಿತು.

ಮರುದಿನ ಮಧ್ಯಾಹ್ನ ಶಹಾಪುರದ ಆ ಕೇಂದ್ರಕ್ಕೆ ಬೀಗ ಬಿತ್ತು. ಸಂಜೆ ದುರ್ಗಾ ಹೊಸ ತಂತ್ರಾಂಶದ ಗೈಡ್ ಬರೆದು ಎಲ್ಲರಿಗೂ ಕಳಿಸಿದಳು. ಶಾಂತಕುಮಾರನಿಗೂ ಕಳಿಸಿದಳು.